ದೋಷ ಗೊತ್ತಿದ್ದೂ ಆ ಲ್ಯಾಪ್‌ಟಾಪ್ ಕೊಳ್ಳಬಹುದೇ? ತೀರ್ಮಾನಿಸುವ ಬಗೆ

ಮಾರುಕಟ್ಟೆಗೆ ಬಂದು ಆರು ತಿಂಗಳಾದ ಯಾವ ಲ್ಯಾಪ್‌ಟಾಪ್ ಮಾದರಿಯ ಹೆಸರು ಹಾಕಿ ಹುಡುಕಿದರೂ ನಾಲ್ಕು ದೂರು ಸಿಕ್ಕೇ ಸಿಗುತ್ತವೆ. ಹಿಂಜ್ (ಮುಚ್ಚಳದ ತಿರುಗಣಿ) ಬಿರುಕು ಬಿಟ್ಟಿದೆ, ಸ್ಲೀಪ್‌ನಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ, ಚಾರ್ಜರ್ ಹಾಕಿದರೆ ಒಳಗಿಂದ ಕೀಂಯ್ ಎನ್ನುವ ಸದ್ದು. ದೂರು ಕಂಡ ಕೂಡಲೇ ಆ ಮಾದರಿ ಕೈಬಿಟ್ಟು ನಿನ್ನೆ ಬಿಡುಗಡೆಯಾದ ಇನ್ನೊಂದನ್ನು ಕೊಂಡರೆ ದೋಷ ತಪ್ಪಿದಂತಾಗುವುದಿಲ್ಲ. ಅದರ ದೋಷ ಇನ್ನೂ ಯಾರಿಗೂ ಗೊತ್ತಾಗಿಲ್ಲ, ಅಷ್ಟೆ. ಆದ್ದರಿಂದ ಮೂರು ವಿಷಯ ನೋಡಿ: ದೋಷ ಯಂತ್ರದ ಯಾವ ಭಾಗದಲ್ಲಿದೆ, ದಿನ ಕಳೆದಂತೆ ಅದು ಹೆಚ್ಚುತ್ತದೆಯೇ, ನಿಮ್ಮ ದಿನನಿತ್ಯದ ಕೆಲಸಕ್ಕೆ ಅಡ್ಡ ಬರುತ್ತದೆಯೇ. ಈ ಮೂರಕ್ಕೆ ಉತ್ತರ ಸಿಕ್ಕರೆ ತೀರ್ಮಾನ ಕಷ್ಟವಲ್ಲ.

ದೂರುಗಳನ್ನು ಓದುವಾಗ

ದೂರುಗಳ ಸಂಖ್ಯೆ ನಂಬಬೇಡಿ. ಹೆಚ್ಚು ಮಾರಾಟವಾದ ಮಾದರಿಗೆ ದೂರೂ ಹೆಚ್ಚು, ಚೆನ್ನಾಗಿ ನಡೆಯುತ್ತಿರುವ ಯಂತ್ರದ ಬಗ್ಗೆ ಯಾರೂ ಬರೆಯಲು ಕೂರುವುದಿಲ್ಲ. ನೋಡಬೇಕಾದದ್ದು ದೂರುಗಳ ಹೋಲಿಕೆಯನ್ನು. ಒಬ್ಬರಿಗೆ ವೈಫೈ, ಇನ್ನೊಬ್ಬರಿಗೆ ಸ್ಪೀಕರ್, ಮತ್ತೊಬ್ಬರಿಗೆ ಕೀಬೋರ್ಡ್ ಕೆಟ್ಟಿದ್ದರೆ ಅದು ಬಿಡಿ ಯಂತ್ರಗಳ ಹಣೆಬರಹ. ಒಂದೇ ಭಾಗ, ಒಂದೇ ಲಕ್ಷಣ, ಹೆಚ್ಚುಕಮ್ಮಿ ಒಂದೇ ವಯಸ್ಸಿಗೆ, ಅಂದರೆ ಎಂಟು ಹತ್ತು ತಿಂಗಳಿಗೆ, ಕೈಕೊಡುತ್ತಿದ್ದರೆ ಅದು ವಿನ್ಯಾಸದ ದೋಷ.

ಎಲ್ಲಕ್ಕಿಂತ ಮುಖ್ಯವಾದ ಸುಳಿವು ಬೇರೆಯೇ ಇದೆ: ರಿಪೇರಿಯಾದ ಅಥವಾ ಬದಲಿಯಾಗಿ ಕೊಟ್ಟ ಯಂತ್ರದಲ್ಲೂ ಅದೇ ತೊಂದರೆ ಮರಳಿತೇ? ಆಪಲ್‌ನ ಚಿಟ್ಟೆ (ಬಟರ್‌ಫ್ಲೈ) ಕೀಬೋರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. 2015ರಲ್ಲಿ ಬಂದ ಈ ತೆಳ್ಳನೆಯ ಕೀಲಿಗಳ ಅಡಿಗೆ ಧೂಳಿನ ಕಣ ಸೇರಿದರೂ ಒಂದು ಅಕ್ಷರ ಎರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. 2018ರಲ್ಲಿ ಕಂಪನಿ ಉಚಿತ ರಿಪೇರಿ ಯೋಜನೆ ಪ್ರಕಟಿಸಿತು, ಮೊದಲ ಮಾರಾಟದಿಂದ ನಾಲ್ಕು ವರ್ಷದವರೆಗೆ. ಆದರೆ ಬದಲಿಸಿ ಹಾಕುತ್ತಿದ್ದದ್ದೂ ಚಿಟ್ಟೆ ವಿನ್ಯಾಸದ್ದೇ. 2019ರ ಮೇ ತಿಂಗಳಲ್ಲಿ ಬಂದ ಹೊಸ ಮ್ಯಾಕ್‌ಬುಕ್ ಪ್ರೊ ಬಿಡುಗಡೆಯ ದಿನವೇ ಆ ರಿಪೇರಿ ಯೋಜನೆಯ ಪಟ್ಟಿಗೆ ಸೇರಿತು. ಅದೇ ವರ್ಷ ನವೆಂಬರ್‌ನಲ್ಲಿ 16 ಇಂಚಿನ ಮಾದರಿಯೊಂದಿಗೆ ಹಳೆಯ ಕತ್ತರಿ ವಿನ್ಯಾಸ ಮರಳಿತು. ರಿಪೇರಿ ಯೋಜನೆ ಇದೆ ಎಂದ ಮಾತ್ರಕ್ಕೆ ದೋಷ ಹೋಯಿತು ಎಂದಲ್ಲ; ಖರ್ಚು ನಿಮ್ಮ ತಲೆಯ ಮೇಲೆ ಬೀಳುವುದಿಲ್ಲ ಎಂದಷ್ಟೇ ಅರ್ಥ.

ಇದಾದ ಮೇಲೆ ತಯಾರಕರ ಸಪೋರ್ಟ್ ಪುಟಕ್ಕೆ ಹೋಗಿ ಆ ಮಾದರಿಯ ಬಯಾಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್‌ಗಳ ಟಿಪ್ಪಣಿ ತೆರೆದು ಓದಿ. ದೂರಿನ ಲಕ್ಷಣ ಅಲ್ಲಿ ನಮೂದಾಗಿದ್ದರೆ ಕಂಪನಿ ಅದನ್ನು ಒಪ್ಪಿಕೊಂಡು ಕೆಲಸ ಮಾಡಿದೆ ಎಂದಾಯಿತು. ಸರ್ವಿಸ್ ಮ್ಯಾನ್ಯುಯಲ್ (ಯಂತ್ರ ಬಿಚ್ಚಿ ರಿಪೇರಿ ಮಾಡುವ ಕೈಪಿಡಿ) ಸಿಕ್ಕರೆ ಇಳಿಸಿಕೊಳ್ಳಿ, ಮುಂದೆ ಬೇಕಾಗುತ್ತದೆ.

ದೋಷ ಎಲ್ಲಿದೆ?

ಡ್ರೈವರ್ ಅಥವಾ ಫರ್ಮ್‌ವೇರ್‌ನಲ್ಲಿದ್ದರೆ, ಅಂದರೆ ಬಿಡಿಭಾಗಗಳನ್ನು ನಡೆಸುವ ತಂತ್ರಾಂಶದಲ್ಲಿದ್ದರೆ, ಹೆಚ್ಚಿನ ಪಾಲು ಚಿಂತೆ ಬೇಡ. ಟಚ್‌ಪ್ಯಾಡ್ ಜಿಗಿಯುವುದು, ಫ್ಯಾನ್ ಸುಮ್ಮಸುಮ್ಮನೆ ಓಡುವುದು, ಹಾಡು ಕೇಳುವಾಗ ಚಿಟಪಟ ಸದ್ದು, ಇವೆಲ್ಲ ಅಪ್‌ಡೇಟ್‌ನಿಂದ ಸರಿಹೋದ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ಫರ್ಮ್‌ವೇರ್ ದೋಷ ಹಾರ್ಡ್‌ವೇರನ್ನೇ ತಿನ್ನುವುದೂ ಉಂಟು. 2017ರಿಂದ 2019ರವರೆಗಿನ ಲೆನೊವೊದ ಹಲವು ಥಿಂಕ್‌ಪ್ಯಾಡ್‌ಗಳಲ್ಲಿ ಥಂಡರ್‌ಬೋಲ್ಟ್ (ಯುಎಸ್‌ಬಿ-ಸಿ ಆಕಾರದ ವೇಗದ ಪೋರ್ಟ್) ಕಂಟ್ರೋಲರ್‌ನ ಫರ್ಮ್‌ವೇರ್ ಸರಿಯಿರಲಿಲ್ಲ. ಅಪ್‌ಡೇಟ್ ಬೇಗ ಹಾಕಿದವರ ಪೋರ್ಟ್ ಉಳಿಯಿತು. ತಡಮಾಡಿ ಪೋರ್ಟ್ ಸತ್ತಿದ್ದರೆ ಮದರ್‌ಬೋರ್ಡ್‌ಗೇ ಕೈಹಾಕಬೇಕಾಯಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳದ್ದೂ ಇದೇ ಪಾಠ: ಮೈಕ್ರೋಕೋಡ್ (ಪ್ರೊಸೆಸರ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ಅತಿಯಾದ ವೋಲ್ಟೇಜನ್ನು ತಡೆಯಿತು, ಆದರೆ ಆಗಲೇ ಹಾಳಾಗಿದ್ದ ಚಿಪ್ಪನ್ನು ಸರಿಮಾಡಲಿಲ್ಲ. ಇಂಥ ದೋಷವಿರುವ ಮಾದರಿ ಕೊಂಡರೆ ಮೊದಲ ದಿನವೇ, ಬೇರೆ ಯಾವ ಕೆಲಸಕ್ಕೂ ಮೊದಲು, ಬಯಾಸ್ ಮತ್ತು ಫರ್ಮ್‌ವೇರ್ ಅಪ್‌ಡೇಟ್ ಮುಗಿಸಬೇಕು.

ಬಿಚ್ಚಿ ಬದಲಿಸಬಹುದಾದ ಭಾಗದಲ್ಲಿದ್ದರೆ ಆ ಭಾಗದ ಬೆಲೆ ನೋಡಿ ಮುಂದುವರಿಯಬಹುದು. ಎಸ್‌ಎಸ್‌ಡಿ, ಸ್ಲಾಟಿನಲ್ಲಿ ಕೂರುವ ರ್‍ಯಾಮ್, ಬ್ಯಾಟರಿ, ಫ್ಯಾನ್ ಈ ಗುಂಪಿಗೆ ಸೇರಿದವು. ವೈಫೈ ಕಾರ್ಡ್ ಮದರ್‌ಬೋರ್ಡ್‌ಗೆ ಬೆಸುಗೆ ಆಗಿರದಿದ್ದರೆ ಸಾಮಾನ್ಯವಾಗಿ ಎಂ.2 2230 ಅಳತೆಯದ್ದಾಗಿರುತ್ತದೆ, ಒಂದು ಸ್ಕ್ರೂ ಮತ್ತು ಎರಡು ಆಂಟೆನಾ ತಂತಿ ಬಿಚ್ಚಿದರೆ ಕೈಗೆ ಬರುತ್ತದೆ. ಹೊಸದನ್ನು ತರಿಸುವಾಗ ಮಾತ್ರ ಎಚ್ಚರ: ಇಂಟೆಲ್‌ನ ಎಎಕ್ಸ್210 ಕಾರ್ಡ್ ಎಎಂಡಿ ಪ್ರೊಸೆಸರ್‌ನ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ, ನೋಡಲು ಹಾಗೇ ಇರುವ ಎಎಕ್ಸ್211 ಅದಕ್ಕೆಂದೇ ಮಾಡಿದ ಇಂಟೆಲ್ ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ಇರುವ ಕಡೆ ಮಾತ್ರ.

ಯಾವುದು ಬಿಡಿಭಾಗ, ಯಾವುದು ಅಲ್ಲ ಎಂಬುದನ್ನು ಊಹಿಸಬೇಡಿ. ಸರ್ವಿಸ್ ಮ್ಯಾನ್ಯುಯಲ್ ಬೇಕಾಗುವುದು ಇಲ್ಲೇ. 2016ರ ಮ್ಯಾಕ್‌ಬುಕ್ ಪ್ರೊದಲ್ಲಿ ಸವೆಯುತ್ತಿದ್ದದ್ದು ಪರದೆಗೆ ಹೋಗುವ ಒಂದು ತೆಳು ರಿಬ್ಬನ್ ಕೇಬಲ್. ಮುಚ್ಚಳ ತೆರೆದು ಮುಚ್ಚಿದಾಗಲೆಲ್ಲ ಅದು ಬಿಗಿಯಾಗಿ ಬಾಗಿ, ಕೊನೆಗೆ ಬ್ಯಾಕ್‌ಲೈಟ್ ಕೆಡುತ್ತಿತ್ತು. ಕೇಬಲ್ ಪರದೆಯ ಜೊತೆಗೇ ಬೆಸೆದುಕೊಂಡಿದ್ದರಿಂದ ಇಡೀ ಪರದೆಯನ್ನೇ ಬದಲಿಸಬೇಕಾಗುತ್ತಿತ್ತು. ಕೀಬೋರ್ಡ್‌ಗೂ ಇದೇ ಮಾತು: ಕೆಲವು ಮಾದರಿಗಳಲ್ಲಿ ನಾಲ್ಕು ಸ್ಕ್ರೂ ತೆಗೆದರೆ ಮೇಲೇಳುತ್ತದೆ, ಹಲವದರಲ್ಲಿ ಮೇಲಿನ ಕವಚಕ್ಕೆ ರಿವಿಟ್ ಹೊಡೆದಿರುತ್ತಾರೆ.

ಹಿಂಜ್ ದೂರು ಬಂದರೆ ನಿಲ್ಲಿ, ಸಾವಧಾನವಾಗಿ ನೋಡಿ. ಅಗ್ಗದ ಪ್ಲಾಸ್ಟಿಕ್ ಕವಚದ ಯಂತ್ರಗಳಲ್ಲಿ ಲೋಹದ ಹಿಂಜನ್ನು ಹಿಡಿದಿಡುವುದು ಪ್ಲಾಸ್ಟಿಕ್ ಕಂಬಗಳಲ್ಲಿ ಬಿಸಿ ಮಾಡಿ ಕೂರಿಸಿದ ಪುಟ್ಟ ಹಿತ್ತಾಳೆ ನಟ್ಟುಗಳು. ಹಿಂಜ್ ಬಿಗಿಯಿದ್ದಷ್ಟೂ ಎಳೆತವೆಲ್ಲ ಆ ಕಂಬಗಳ ಮೇಲೆ. ಮೊದಲು ಒಂದು ನಟ್ಟು ಕಿತ್ತು ಬರುತ್ತದೆ, ಭಾರ ಉಳಿದ ಎರಡರ ಮೇಲೆ ಬೀಳುತ್ತದೆ, ಕೆಲವೇ ವಾರಗಳಲ್ಲಿ ಪರದೆಯ ಕೆಳಮೂಲೆ ಬಾಯಿ ಬಿಡುತ್ತದೆ. ಒಂದು ಮೂಲೆ ಹಿಡಿದು ಮುಚ್ಚಳ ಎತ್ತುವ ಅಭ್ಯಾಸವಿದ್ದರೆ ಇನ್ನೂ ಬೇಗ. ಇದನ್ನು ಎಷ್ಟೋ ಕಂಪನಿಗಳು ಕೈತಪ್ಪಿನಿಂದಾದ ಹಾನಿ ಎಂದು ವಾರಂಟಿಯಿಂದ ಹೊರಗಿಡುತ್ತವೆ. ಹೆಚ್ಚುತ್ತಲೇ ಹೋಗುವ ದೋಷ, ಮೇಲಾಗಿ ವಾರಂಟಿಯೂ ಅನುಮಾನ. ಹಿಂಜ್ ದೂರು ಪದೇಪದೇ ಕಾಣುವ ಮಾದರಿಯನ್ನು ಎಷ್ಟು ರಿಯಾಯಿತಿ ಕೊಟ್ಟರೂ ಕೊಳ್ಳಬೇಡಿ.

ಮದರ್‌ಬೋರ್ಡ್‌ನಲ್ಲೇ ಇದ್ದರೆ ಕೂಡ ಅದೇ ಮಾತು. ಬೆಸುಗೆ ಬಿಡುವ ಗ್ರಾಫಿಕ್ಸ್ ಚಿಪ್, ಸಾಯುವ ಚಾರ್ಜಿಂಗ್ ಸರ್ಕ್ಯೂಟ್, ನೇರ ಬೋರ್ಡ್‌ಗೇ ಬೆಸೆದ ಸಡಿಲ ಯುಎಸ್‌ಬಿ-ಸಿ ಪೋರ್ಟ್. ವಾರಂಟಿ ಮುಗಿದ ಮೇಲೆ ಬೋರ್ಡ್ ಹಾಕಿಸುವುದು ಮೂಗಿಗಿಂತ ಮೂಗುತಿ ಭಾರ. ಇಂಥ ದೋಷಕ್ಕೆ ಕಂಪನಿ ಬಯಾಸ್ ಅಪ್‌ಡೇಟ್ ಕೊಟ್ಟರೆ ಅದು ಏನು ಮಾಡುತ್ತದೆ ಎಂದು ಕೇಳಿ. 2008ರಲ್ಲಿ ಎನ್‌ವಿಡಿಯಾದ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಪ್ಯಾಕೇಜಿಂಗ್ ಬಿಸಿ ತಂಪಿನ ಏರಿಳಿತ ತಾಳದೆ ಕೆಡುತ್ತಿತ್ತು. ಖರ್ಚಿಗೆಂದು ಕಂಪನಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸುವುದಾಗಿ ಹೇಳಿತು. ಲ್ಯಾಪ್‌ಟಾಪ್ ತಯಾರಕರು ಕೊಟ್ಟ ಬಯಾಸ್ ಫ್ಯಾನನ್ನು ಹೆಚ್ಚು ಹೊತ್ತು ಓಡಿಸುತ್ತಿತ್ತು. ಚಿಪ್ ಕೆಡುವುದು ಮುಂದಕ್ಕೆ ಹೋಯಿತು, ತಪ್ಪಲಿಲ್ಲ.

ನಿಮಗೆ ತಾಗುತ್ತದೆಯೇ?

2011ರ ಜನವರಿಯಲ್ಲಿ ಇಂಟೆಲ್‌ನ 6 ಸರಣಿಯ ಚಿಪ್‌ಸೆಟ್‌ನಲ್ಲಿ ದೋಷ ಸಿಕ್ಕಿತು. ಹಾರ್ಡ್‌ಡಿಸ್ಕ್, ಡಿವಿಡಿ ಡ್ರೈವ್ ಜೋಡಿಸುವ ಆರು ಸಾಟಾ ಪೋರ್ಟ್‌ಗಳಲ್ಲಿ 2ರಿಂದ 5ರವರೆಗಿನ ನಾಲ್ಕು ಕಾಲಕ್ರಮೇಣ ದುರ್ಬಲವಾಗುತ್ತಿದ್ದವು. 0 ಮತ್ತು 1ಕ್ಕೆ ಏನೂ ಆಗುತ್ತಿರಲಿಲ್ಲ. ಒಂದು ಹಾರ್ಡ್‌ಡಿಸ್ಕ್, ಒಂದು ಡಿವಿಡಿ ಡ್ರೈವ್ ಮಾತ್ರ ಇರುವ ಲ್ಯಾಪ್‌ಟಾಪ್‌ಗೆ ಎರಡೇ ಪೋರ್ಟ್ ಸಾಕು. ಹಾಗಾಗಿ ಆ ಎರಡನ್ನಷ್ಟೇ ಬಳಸುವ ಯಂತ್ರಗಳಿಗೆಂದು ಅದೇ ದೋಷವುಳ್ಳ ಚಿಪ್ಪನ್ನು ಇಂಟೆಲ್ ಮತ್ತೆ ಕಳಿಸತೊಡಗಿತು, ಅದರಲ್ಲಿ ಮೋಸವೂ ಇರಲಿಲ್ಲ.

ನಿಮ್ಮ ವಿಷಯಕ್ಕೂ ಇದೇ ಅಳತೆ. ಸದಾ ಮೇಜಿನ ಮೇಲೆ ಚಾರ್ಜರ್‌ಗೆ ಹಾಕಿಟ್ಟು ಕೆಲಸ ಮಾಡುವವರಿಗೆ ಸ್ಲೀಪ್‌ನಲ್ಲಿ ಬ್ಯಾಟರಿ ಸೋರುವುದು ದೋಷವೇ ಅಲ್ಲ. ಬರಹ, ಲೆಕ್ಕಪತ್ರದ ಕೆಲಸಕ್ಕೆ ಅರ್ಧ ಗಂಟೆ ಪೂರ್ತಿ ಭಾರ ಹಾಕಿದಾಗ ವೇಗ ಇಳಿಯುವುದು ಲೆಕ್ಕಕ್ಕಿಲ್ಲ, ವಿಡಿಯೋ ಎಡಿಟ್ ಮಾಡುವವರಿಗೆ ಅದೇ ಸರ್ವಸ್ವ. ಓಎಲ್‌ಇಡಿ ಪರದೆಯ ಮಿನುಗು (ವೇಗವಾಗಿ ಹೊತ್ತಿ ಆರುವುದು) ಒಬ್ಬರಿಗೆ ತಿಳಿಯುವುದೂ ಇಲ್ಲ, ಇನ್ನೊಬ್ಬರಿಗೆ ಒಂದು ಗಂಟೆಯಲ್ಲಿ ತಲೆನೋವು.

ಲೆಕ್ಕ ಹಾಕಿ

ಆ ಭಾಗ ಕೆಟ್ಟರೆ ರಿಪೇರಿಗೆ ಎಷ್ಟಾಗುತ್ತದೆಂದು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ವಾರಂಟಿ ವಿಸ್ತರಣೆಗೆ ಎಷ್ಟು ಎಂದೂ ಕೇಳಿ. ಎರಡರಲ್ಲಿ ಕಡಿಮೆಯಾದದ್ದನ್ನು ಲ್ಯಾಪ್‌ಟಾಪ್ ಬೆಲೆಗೆ ಸೇರಿಸಿ, ಅದೇ ಅದರ ನಿಜವಾದ ಬೆಲೆ. ಅಷ್ಟೇ ಹಣಕ್ಕೆ ಸಿಗುವ ಬೇರೆ ಮಾದರಿಯೊಂದಿಗೆ ಹೋಲಿಸಿದಾಗಲೂ ಇದೇ ಮೇಲೆನಿಸಿದರೆ ಕೊಳ್ಳಿ. ನೀವು ಅದನ್ನು ಎಷ್ಟು ವರ್ಷ ಬಳಸುತ್ತೀರಿ ಎಂಬುದೂ ಸೇರಲಿ: ಮೂರು ವರ್ಷದ ವಾರಂಟಿ ಇದ್ದು ಮೂರು ವರ್ಷಕ್ಕೆ ಯಂತ್ರ ಬದಲಿಸುವವರು ಮದರ್‌ಬೋರ್ಡ್ ದೋಷವನ್ನೂ ಒಪ್ಪಿಕೊಳ್ಳಬಹುದು, ರಿಪೇರಿಗೆ ಹೋದ ವಾರಗಳಲ್ಲಿ ಕೆಲಸಕ್ಕೆ ಬೇರೆ ಯಂತ್ರವಿದ್ದರೆ.

ವಾಪಸ್ ಅವಧಿಯನ್ನು ಪೂರ್ತಿ ಬಳಸಿ

ವಾಪಸ್ ಕೊಡುವ ಅವಕಾಶ ಇಲ್ಲದ ಕಡೆ ದೋಷ ಗೊತ್ತಿರುವ ಮಾದರಿ ಕೊಳ್ಳಬೇಡಿ. ಅವಕಾಶ ಇದ್ದರೆ ಕೊನೆಯ ದಿನಾಂಕ ಬರೆದಿಟ್ಟುಕೊಂಡು, ಅದಕ್ಕೆ ನಾಲ್ಕು ದಿನ ಮೊದಲೇ ತೀರ್ಮಾನಿಸಿ. ಡಬ್ಬ, ಥರ್ಮೋಕೋಲ್, ಪ್ಲಾಸ್ಟಿಕ್ ಹಾಳೆ ಎಲ್ಲ ಇರಲಿ. ತಳ ಬಿಚ್ಚಬೇಡಿ, ಸ್ಟಿಕ್ಕರ್ ಅಂಟಿಸಬೇಡಿ, ಇರುವ ಒಂದೇ ಪ್ರತಿಯ ಕಡತಗಳನ್ನು ಇದಕ್ಕೆ ಸಾಗಿಸಬೇಡಿ. ಅಪ್‌ಡೇಟ್ ಮುಗಿಸಿದ ಮೇಲೆ ಪರೀಕ್ಷೆ ಶುರು.

ಪರದೆ: ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಬಣ್ಣಗಳನ್ನು ಒಂದೊಂದಾಗಿ ಪೂರ್ತಿ ಪರದೆಗೆ ತುಂಬಿ ಸತ್ತ ಪಿಕ್ಸೆಲ್ ಹುಡುಕಿ. ಕತ್ತಲೆ ಕೋಣೆಯಲ್ಲಿ ಕಪ್ಪು ಪರದೆಯ ಅಂಚುಗಳನ್ನು ನೋಡಿ. ತಲೆ ಅತ್ತಿತ್ತ ಸರಿಸಿದಾಗ ಹೊಳಪೂ ಸರಿದರೆ ಅದು ಐಪಿಎಸ್ ಪರದೆಯ ಸಹಜ ಗುಣ. ಒಂದೇ ಜಾಗದಲ್ಲಿ ನಿಂತರೆ ಬೆಳಕಿನ ಸೋರಿಕೆ. ಮಿನುಗು ನೋಡಲು ಬ್ರೈಟ್‌ನೆಸ್ 30 ಶೇಕಡಕ್ಕೆ ಇಳಿಸಿ, ಮೊಬೈಲ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/1000 ಸೆಕೆಂಡಿಗೆ ಇಟ್ಟು ಬಿಳಿ ಪುಟದತ್ತ ಹಿಡಿಯಿರಿ. ಕಪ್ಪು ಪಟ್ಟಿಗಳು ಗಾಢವಾಗಿ ಹರಿದಾಡಿದರೆ ಮಿನುಗು ಜೋರಿದೆ.

ಬಿಸಿ: ಚಾರ್ಜರ್ ಹಾಕಿ, ಪ್ರೊಸೆಸರ್‌ಗೆ ಭಾರ ಹಾಕಿ ಅಂಕ ಕೊಡುವ ಸಿನೆಬೆಂಚ್ ತಂತ್ರಾಂಶವನ್ನು 30 ನಿಮಿಷ ಓಡಿಸಿ. ಜೊತೆಗೆ ಯಂತ್ರದ ಸ್ಥಿತಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ಉಷ್ಣತೆ, ವ್ಯಾಟ್ ಎರಡನ್ನೂ ಬರೆದುಕೊಳ್ಳಿ. ಪ್ರೊಸೆಸರ್ ಕೆಲವು ಕ್ಷಣ 95, 100 ಡಿಗ್ರಿ ಮುಟ್ಟಿದರೆ ಗಾಬರಿ ಬೇಡ, ಈಗಿನವು ಹಾಗೆಯೇ ಓಡುತ್ತವೆ. ಮೊದಲ ಅಂಕಕ್ಕಿಂತ ಕೊನೆಯದು 10ರಿಂದ 15 ಶೇಕಡ ಇಳಿದಿದ್ದರೆ ಸಹಜ. 30 ದಾಟಿದರೆ ಆ ಯಂತ್ರದ ಕೂಲಿಂಗ್ ಸಾಲದು, ಅಥವಾ ನಿಮಗೆ ಬಂದ ಯಂತ್ರದಲ್ಲಿ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಸರಿಯಾಗಿ ಕೂತಿಲ್ಲ.

ಸ್ಲೀಪ್: ಪೂರ್ತಿ ಚಾರ್ಜ್ ಮಾಡಿ, ರಾತ್ರಿ ಮುಚ್ಚಳ ಮುಚ್ಚಿ ಎಂಟು ಗಂಟೆ ಬಿಡಿ. 5ರಿಂದ 8 ಶೇಕಡ ಇಳಿದರೆ ಸರಿ. 20 ದಾಟಿದರೆ ಮಾಡರ್ನ್ ಸ್ಟ್ಯಾಂಡ್‌ಬೈಯಲ್ಲಿ (ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳ ಸ್ಲೀಪ್ ವಿಧಾನ) ಯಾವುದೋ ಭಾಗ ನಿದ್ದೆ ಹೋಗುತ್ತಿಲ್ಲ. ವಿಂಡೋಸ್‌ನ ಸ್ಲೀಪ್ ಸ್ಟಡಿ ವರದಿ ಯಾವುದೆಂದು ತೋರಿಸುತ್ತದೆ. ಸರಿಹೋಗದಿದ್ದರೆ ಹೈಬರ್ನೇಟ್‌ಗೆ (ತೆರೆದ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಪೂರ್ತಿ ಆರಿಸುವುದು) ಹಾಕಿ ಬಳಸಲು ನಿಮಗೆ ಒಪ್ಪಿಗೆಯೇ ನೋಡಿ.

ಪೋರ್ಟ್: ಪ್ರತಿ ಯುಎಸ್‌ಬಿ-ಸಿ ಪೋರ್ಟ್‌ನಲ್ಲಿ ಚಾರ್ಜರ್, ಮಾನಿಟರ್, ಪೆನ್‌ಡ್ರೈವ್ ಮೂರನ್ನೂ ಹಾಕಿ, ಪ್ಲಗ್ ತಿರುಗಿಸಿ ಇನ್ನೊಮ್ಮೆ ಹಾಕಿ. ತಿರುಗಿಸಿದಾಗ ಬೇರೆ ಪಿನ್‌ಗಳು ಕೆಲಸಕ್ಕೆ ಬರುತ್ತವೆ, ಒಂದೇ ಬದಿ ಕೆಟ್ಟಿರುವ ಪೋರ್ಟ್ ಹೀಗಲ್ಲದೆ ಸಿಕ್ಕಿಬೀಳುವುದಿಲ್ಲ.

ಕಾಯಿಲ್ ಸದ್ದಿಗೆ, ಅಂದರೆ ಮೊದಲು ಹೇಳಿದ ಕೀಂಯ್ ಸದ್ದಿಗೆ, ನಿಶ್ಶಬ್ದ ಕೋಣೆ ಬೇಕು. ಚಾರ್ಜರ್ ಹಾಕಿ, ತೆಗೆದು, ಉದ್ದನೆಯ ಪುಟವನ್ನು ಸ್ಕ್ರೋಲ್ ಮಾಡುತ್ತ ಕೇಳಿ. ಕರೆಂಟ್ ಏರಿಳಿತಕ್ಕೆ ಕಾಯಿಲ್ ಕಂಪಿಸುವುದರಿಂದ ಬರುವ ಸದ್ದು ಅದು, ಯಂತ್ರಕ್ಕೆ ಹಾನಿಯಿಲ್ಲ. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ದೋಷವಾದ್ದರಿಂದ ಇದಕ್ಕೆ ಹಣ ವಾಪಸ್ ಕೇಳುವ ಮೊದಲು ಬದಲಿ ಯಂತ್ರ ಕೇಳುವುದು ಲಾಭ. ಮಿನುಗಿಗೆ, ಕೂಲಿಂಗ್ ವಿನ್ಯಾಸಕ್ಕೆ ಬದಲಿ ಕೇಳಿ ಉಪಯೋಗವಿಲ್ಲ, ಬರುವುದೂ ಅಂಥದ್ದೇ.

ಕೊನೆಗೆ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ನಾಲ್ಕು ಸುತ್ತು. ಒಂದೇ ಒಂದು ತಪ್ಪು ಕಂಡರೂ ವಾಪಸ್ ಕೊಡಿ, ರ್‍ಯಾಮ್ ಬೆಸುಗೆಯದ್ದಾದರಂತೂ ಎರಡನೇ ಮಾತಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಎಸ್‌ಎಸ್‌ಡಿ ಓಡಿದ ಗಂಟೆಗಳು, ವಿಂಡೋಸ್‌ನ ಬ್ಯಾಟರಿ ವರದಿಯಲ್ಲಿ ಸೈಕಲ್ ಎಣಿಕೆ (ಒಂದು ಪೂರ್ತಿ ಚಾರ್ಜ್‌ನಷ್ಟು ಬಳಸಿದ ಸಲಗಳು) ನೋಡಿ. ನೂರಾರು ಗಂಟೆ, ಹತ್ತಾರು ಸೈಕಲ್ ಇದ್ದರೆ ನಿಮಗೆ ಹೊಸದೆಂದು ಕೊಟ್ಟದ್ದು ಯಾರೋ ವಾಪಸ್ ಮಾಡಿದ್ದು.

ಇಟ್ಟುಕೊಳ್ಳುವುದಾದರೆ

ಈ ಎಲ್ಲ ಅಂಕಿಗಳನ್ನು ದಿನಾಂಕ ಸಮೇತ ಒಂದು ಕಡತದಲ್ಲಿ ಉಳಿಸಿ. ಸೀರಿಯಲ್ ನಂಬರಿನ ಫೋಟೊ, ಬಿಲ್, ದೋಷದ ಬಗ್ಗೆ ಸಪೋರ್ಟ್‌ನವರು ಬರೆದು ಕಳಿಸಿದ ಉತ್ತರವೂ ಅದರ ಜೊತೆಗಿರಲಿ. ಫೋನಿನಲ್ಲಿ ಆಡಿದ ಮಾತಿಗೆ ಆಮೇಲೆ ದಾಖಲೆ ಇರುವುದಿಲ್ಲ, ಆದ್ದರಿಂದ ಇಮೇಲ್‌ನಲ್ಲೇ ಕೇಳಿ. ವಾರಂಟಿ ಮುಗಿಯಲು ಒಂದು ತಿಂಗಳಿರುವಾಗ ಇದೇ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿ, ಅಂಕಿಗಳು ಹದಗೆಟ್ಟಿದ್ದರೆ ಅವತ್ತೇ ದೂರು ದಾಖಲಿಸಿ. ವಾರಂಟಿ ಇರುವಾಗಲೇ ದಾಖಲಾದ ದೂರನ್ನು, ಅವಧಿ ಮುಗಿಯಿತು ಎಂಬ ಕಾರಣ ಕೊಟ್ಟು ತಳ್ಳಿಹಾಕುವುದು ಅವರಿಗೆ ಸುಲಭವಲ್ಲ.