ಟರ್ಬೊ ತಾಳುವ ಎಂಜಿನ್ ಹುಡುಕಿದ್ದು

ಎರಡನೇ ಸಿಲಿಂಡರ್‌ನ ಪಿಸ್ಟನ್ ಹೊರಬಂದಾಗ ಮೇಲಿನ ಎರಡು ರಿಂಗ್‌ಗಳ ನಡುವಿನ ಗೋಡೆ ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಒಡೆದುಹೋಗಿತ್ತು. ಚೂರು ಅಲ್ಲೇ ಸಿಕ್ಕಿಕೊಂಡು ಬೋರ್‌ನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಉದ್ದಕ್ಕೂ ಗೀರು ಎಳೆದಿತ್ತು. ಅದನ್ನು ಹಳೆಯ ದಿನಪತ್ರಿಕೆಯ ಮೇಲಿಟ್ಟು ನೋಡಿದೆ. ಮುರಿದ ಮೈ ಸಂಕ್ರಾಂತಿಯ ಸಕ್ಕರೆ ಅಚ್ಚಿನಂತೆ ಹರಳು ಹರಳಾಗಿತ್ತು. ಎಲ್ಲಿಯೂ ಬಾಗಿರಲಿಲ್ಲ, ಕರಗಿರಲಿಲ್ಲ. ಜಿಪ್ಸಿಗೆ ಟರ್ಬೊ, ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಕೂರಿಸಿ ಇನ್ನೂ ಮೂರು ವಾರ ತುಂಬಿರಲಿಲ್ಲ.

ಆ ಎಂಜಿನ್ ಬೆಂಗಳೂರಿನ ಗುಜರಿ ಅಂಗಡಿಯೊಂದರಿಂದ ತಂದದ್ದು. ಅಂಗಡಿಯವರು ಸ್ಟಾರ್ಟ್ ಮಾಡಿ ತೋರಿಸಿದ್ದರು. ಹೊಗೆ ಇರಲಿಲ್ಲ, ಕೆಟ್ಟ ಸದ್ದೂ ಇರಲಿಲ್ಲ. ಅವರನ್ನು ದೂರುವಂತಿಲ್ಲ. 1298 ಸಿಸಿಯ, 16 ವಾಲ್ವ್‌ಗಳ ಈ ಮಾರುತಿ ಎಂಜಿನ್ ತನ್ನ ಪಾಡಿಗೆ ಗಟ್ಟಿಯೇ. ಕೊಳ್ಳುವಾಗ ನಾನು ವಿಚಾರಿಸಿದ್ದು ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಕುದುರೆಶಕ್ತಿ ಕೊಡುತ್ತದೆ ಎಂಬುದನ್ನು ಮಾತ್ರ. ಒಳಗಿರುವ ಪಿಸ್ಟನ್ ಎಂಥದ್ದು ಎಂದು ಕೇಳಬೇಕೆಂಬುದು ತಲೆಗೇ ಹೊಳೆದಿರಲಿಲ್ಲ.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ನಾವೆಲ್ಲ ಮೇಸ್ತ್ರಿ ಎಂದೇ ಕರೆಯುವ ಹಿರಿಯರೊಬ್ಬರು ಲೇತ್ ಇಟ್ಟುಕೊಂಡಿದ್ದಾರೆ. 2001ರಲ್ಲಿ ಚಿನ್ನದ ಗಣಿ ಮುಚ್ಚುವವರೆಗೂ ಗಣಿಯ ಕಂಪ್ರೆಸರ್‌ಗಳನ್ನು ನೋಡಿಕೊಳ್ಳುತ್ತಿದ್ದವರು. ನೆಲದಡಿಯ ಡ್ರಿಲ್‌ಗಳು ನಡೆಯುತ್ತಿದ್ದದ್ದು ಅವರು ಒತ್ತಿ ಕಳುಹಿಸುತ್ತಿದ್ದ ಗಾಳಿಯಿಂದ. ಪಿಸ್ಟನ್ ಚೂರನ್ನು ಅಂಗೈಯಲ್ಲಿ ತಿರುಗಿಸಿ ನೋಡಿದವರು, "ತಮ್ಮಾ, ಗಾಳಿಯನ್ನು ಒತ್ತಿದರೆ ಮೊದಲು ಬರುವುದು ಬಿಸಿ, ಬಲ ಆಮೇಲೆ. ಬಿಸಿಗೆ ನೀನು ಎಲ್ಲಿ ಜಾಗ ಬಿಟ್ಟಿದ್ದೀಯ?" ಎಂದರು.

ಎಲ್ಲಿಯೂ ಬಿಟ್ಟಿರಲಿಲ್ಲ. ನಾನು ಕೊಡುತ್ತಿದ್ದ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ, ಅರ್ಧ ಬಾರ್ ಅಥವಾ ಸುಮಾರು 7 ಪಿಎಸ್‌ಐ. ನಮ್ಮ ಕೋಲಾರದ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೇ 0.9 ಬಾರ್‌ನ ಆಸುಪಾಸು. ಟರ್ಬೊ ಅದನ್ನು ಹೆಚ್ಚುಕಡಿಮೆ ಒಂದೂವರೆ ಪಟ್ಟು ಒತ್ತಬೇಕು. 30 ಡಿಗ್ರಿಯಲ್ಲಿ ಒಳಹೋದ ಗಾಳಿ ಹೊರಬರುವಾಗ 90 ಡಿಗ್ರಿಯ ಹತ್ತಿರ ಇರುತ್ತದೆ. ಈ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಆ ಬಿಸಿಯಲ್ಲಿ ಒಂದಷ್ಟನ್ನು ಇಳಿಸುತ್ತದೆ, ಎಲ್ಲವನ್ನೂ ಅಲ್ಲ. ಉಳಿದ ಬಿಸಿ ಸಿಲಿಂಡರ್ ಸೇರುತ್ತದೆ, ರಿಂಗ್ ಹಿಗ್ಗುತ್ತದೆ. ಉಳಿದಿದ್ದ ಒಂದು ಪಿಸ್ಟನ್‌ನ ಮೇಲಿನ ರಿಂಗನ್ನು ಗೀರಿಲ್ಲದ ಬೋರ್‌ಗೆ ಇಳಿಸಿ, ಅದರ ಎರಡು ತುದಿಗಳ ನಡುವೆ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದೆ. 0.22 ಮಿಮೀ. ಬೂಸ್ಟ್ ಇಲ್ಲದ ಎಂಜಿನ್‌ಗೆ ಇಷ್ಟು ಸಾಕು. ಬೂಸ್ಟ್ ಇದ್ದರೆ ಬೋರ್ ಅಳತೆಯನ್ನು 0.0055ರಿಂದ ಗುಣಿಸುವುದು ವಾಡಿಕೆ. 74 ಮಿಮೀ ಬೋರ್‌ಗೆ ಅದು 0.41 ಮಿಮೀ ಆಗುತ್ತದೆ. ಹಿಗ್ಗಿದ ರಿಂಗ್‌ನ ತುದಿಗಳು ಒಂದಕ್ಕೊಂದು ತಾಗಿದ ಮೇಲೆ ಅದಕ್ಕೆ ಹೋಗಲು ದಾರಿಯಿಲ್ಲ. ಬೋರ್‌ಗೆ ಕಚ್ಚಿಕೊಂಡು ಪಿಸ್ಟನ್‌ನ ಗೋಡೆಯನ್ನೇ ಕೀಳುತ್ತದೆ. ಅದರ ಜೊತೆಗೆ ನಾಕಿಂಗ್ ಬೇರೆ, ಅಂದರೆ ಬಿಸಿಗೆ ಇಂಧನದ ಮಿಶ್ರಣ ತಾನಾಗಿಯೇ ಸಿಡಿಯುವುದು. ಎರಕದ ಪಿಸ್ಟನ್ ಪೆಟ್ಟು ತಿಂದರೆ ಬಾಗುವುದಿಲ್ಲ, ಒಡೆಯುತ್ತದೆ.

ಎರಡನೇ ಬಾರಿ ಕೊಳ್ಳುವ ಮೊದಲು ಅಮೆರಿಕದವರು ಪೆಟ್ಟಿಗೆಯಲ್ಲಿಟ್ಟು ಮಾರುವ ಸಿದ್ಧ ಎಂಜಿನ್‌ಗಳ ವಿವರ ಓದಿದೆ. ಕೊಳ್ಳುವ ತಾಕತ್ತಿನಿಂದಲ್ಲ, ಅವರು ಹೇಗೆ ಆರಿಸುತ್ತಾರೆ ಎಂದು ತಿಳಿಯಲು. ಷೆವ್ರೊಲೆಯ 6.2 ಲೀಟರ್‌ನ ಎಲ್‌ಎಸ್3 ಎಂಜಿನ್ 430 ಕುದುರೆಶಕ್ತಿ ಕೊಡುತ್ತದೆ, ಆದರೆ ಅದರ ಕಂಪ್ರೆಷನ್, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಅನುಪಾತ, 10.7. ಬೂಸ್ಟ್‌ಗೆ ಅದು ಹೆಚ್ಚಾಯಿತು. ಅದೇ ಗಾತ್ರದಲ್ಲಿ ಎಲ್‌ಎಸ್‌ಎಕ್ಸ್376 ಎಂಬುದರ ಬಿ8, ಬಿ15 ಎಂಬ ಎರಡು ಬಗೆಗಳು ಬಂದವು. ಬಿ ಅಕ್ಷರದ ಮುಂದಿರುವ ಅಂಕಿ ಅದು ತಾಳುವ ಬೂಸ್ಟ್ ಎಷ್ಟು ಪಿಎಸ್‌ಐ ಎಂಬುದೇ. ಎರಡರಲ್ಲೂ ಕಂಪ್ರೆಷನ್ ಸುಮಾರು 9. ಬಿ15ರಲ್ಲಿ ಪಿಸ್ಟನ್, ಕ್ರ್ಯಾಂಕ್, ಇವೆರಡನ್ನು ಜೋಡಿಸುವ ರಾಡ್ ಎಲ್ಲವೂ ಫೋರ್ಜ್ ಮಾಡಿದವು, ಅಂದರೆ ಲೋಹವನ್ನು ಒತ್ತಿ ಬಡಿದು ರೂಪಿಸಿದವು. ಬಿ8ರ ಪಿಸ್ಟನ್ ಎರಕದ್ದು. ಮಿತಿಯನ್ನು ಹೆಸರಿನಲ್ಲೇ ಬರೆದು ಮಾರುವ ಈ ರೀತಿ ನನಗೆ ಬಹಳ ಹಿಡಿಸಿತು. ನಮ್ಮ ಗುಜರಿಯಲ್ಲಿ ಆ ಅಂಕಿಯನ್ನು ನಾವೇ ಕಂಡುಹಿಡಿಯಬೇಕು.

ಈ ಸಲ ಹೆಡ್ ಬಿಚ್ಚಿ ತೋರಿಸದ ಹೊರತು ಮುಂಗಡ ಕೊಡುವುದಿಲ್ಲ ಎಂದು ಹಟ ಹಿಡಿದೆ. ಎರಡು ಕಡೆ ಬೈದು ಕಳುಹಿಸಿದರು. ಮೂರನೇ ಕಡೆ ಒಮ್ಮೆಯೂ ರೀಬೋರ್ ಆಗದ, ಅಂದರೆ ಕೊರೆದು ಅಗಲ ಮಾಡದ, ಬೋರ್ ಇನ್ನೂ 74 ಮಿಮೀ ಆಸುಪಾಸಿನಲ್ಲೇ ಇದ್ದ ಬ್ಲಾಕ್ ಸಿಕ್ಕಿತು. ರೀಬೋರ್ ಆದಷ್ಟೂ ಸಿಲಿಂಡರ್ ಗೋಡೆ ತೆಳುವಾಗುತ್ತದೆ. ಟರ್ಬೊಗೆ ಅಂಥ ಬ್ಲಾಕ್ ಬೇಡ. ಕ್ರ್ಯಾಂಕ್‌ಗೆ ಬಣ್ಣದ ದ್ರಾವಣ ಹಚ್ಚಿ ಬಿರುಕು ಇದೆಯೇ ಎಂದು ಮೇಸ್ತ್ರಿಯೇ ನೋಡಿದರು.

ಹೆಚ್ಚು ತಲೆ ಕೆಡಿಸಿಕೊಂಡದ್ದು ಕಂಪ್ರೆಷನ್ ವಿಷಯದಲ್ಲಿ. ಸಿರಿಂಜ್‌ನಿಂದ ಸೀಮೆಎಣ್ಣೆ ತುಂಬಿಸಿ ಅಳೆದು, ಗ್ಯಾಸ್ಕೆಟ್‌ನ ಜಾಗವನ್ನೂ ಸೇರಿಸಿದಾಗ ಪಿಸ್ಟನ್ ಮೇಲೆ ಉಳಿಯುವ ಜಾಗ 38 ಸಿಸಿ ಬಂತು. ಒಂದು ಸಿಲಿಂಡರ್ 324.5 ಸಿಸಿ ಆದ್ದರಿಂದ ಅನುಪಾತ ಸುಮಾರು 9.5. ನನಗೆ 8.5 ಬೇಕಿತ್ತು, ಅದಕ್ಕೆ ಇನ್ನೂ 5 ಸಿಸಿ ಜಾಗ ಆಗಬೇಕು. ದಪ್ಪ ಗ್ಯಾಸ್ಕೆಟ್ ಹಾಕಿಬಿಡಿ ಎಂದು ಹಲವರು ಹೇಳಿದರು. ಲೆಕ್ಕ ಹಾಕಿದರೆ ಈಗಿರುವುದಕ್ಕಿಂತ 1.2 ಮಿಮೀ ಹೆಚ್ಚು ದಪ್ಪ ಬೇಕಾಗುತ್ತದೆ. ಆಗ ಪಿಸ್ಟನ್ ಮತ್ತು ಹೆಡ್ ನಡುವಿನ ಸಂದು ಅಗಲವಾಗಿ, ಮಿಶ್ರಣ ಸರಿಯಾಗಿ ಕಲಕದೆ, ತಡೆಯಲು ಹೊರಟ ನಾಕಿಂಗ್‌ಗೆ ನಾವೇ ಬಾಗಿಲು ತೆರೆದಂತೆ. ಹಾಗಾಗಿ ತಲೆಯಲ್ಲಿ 5 ಸಿಸಿಯ ತಗ್ಗು ಇರುವ ಫೋರ್ಜ್ಡ್ ಪಿಸ್ಟನ್‌ಗಳನ್ನೇ ಆರ್ಡರ್ ಕೊಟ್ಟು ತರಿಸಿದೆ. ಜೇಬಿಗೆ ದೊಡ್ಡ ಕತ್ತರಿಯೇ ಬಿತ್ತು. ಅವು ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಬೋರ್‌ನಲ್ಲಿ ಸಡಿಲ ಜಾಸ್ತಿ ಇಡಬೇಕು. ಬೆಳಗಿನ ಚಳಿಗೆ ಎರಡು ನಿಮಿಷ ಟಕಟಕ ಎನ್ನುತ್ತವೆ.

ರಾಡ್‌ಗಳನ್ನು ಬದಲಿಸಲಿಲ್ಲ. ಬೂಸ್ಟ್ ರಾಡನ್ನು ಕೆಳಕ್ಕೆ ಒತ್ತುತ್ತದೆ. ಅದನ್ನು ಹಿಡಿದು ಜಗ್ಗಿ ಬೋಲ್ಟ್ ಕಡಿಯುವುದು ಆರ್‌ಪಿಎಂ. ಬೋಲ್ಟ್‌ಗಳನ್ನು ಹೊಸದಾಗಿ ಹಾಕಿ, 6,000 ಆರ್‌ಪಿಎಂ ದಾಟದಂತೆ ಎಂಜಿನ್‌ನ ಕಂಪ್ಯೂಟರ್ ಆದ ಇಸಿಯುನಲ್ಲಿ ಕಟ್ಟುಹಾಕಿದೆ. ಹೆಡ್ ಗ್ಯಾಸ್ಕೆಟ್ ಪದರ ಪದರದ ಉಕ್ಕಿನದು. ಇಂಜೆಕ್ಟರ್, ಎಣ್ಣೆ ಪೈಪುಗಳ ಕೆಲಸ ಎಲ್ಲರೂ ಮಾಡುವಂಥದ್ದೇ. ಎಂಜಿನ್ ಬದಲಿಸಿದ ಗಾಡಿ ರಸ್ತೆಗಿಳಿಯಬೇಕಾದರೆ ಆರ್‌ಟಿಒ ಒಪ್ಪಿಗೆ ಬೇಕು. ನನ್ನದು ಲಾರಿಯ ಮೇಲೆ ಹೋಗಿ ಸ್ನೇಹಿತರ ಹೊಲದ ಕೆಸರಿನಲ್ಲಿ ಮಾತ್ರ ಓಡುತ್ತದೆ.

ಒಂದು ಮಳೆಗಾಲ ಕಳೆದಿದೆ. ಮೊನ್ನೆ ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಒತ್ತಡ ಅಳೆದಾಗ ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಅಂತರ 5 ಪಿಎಸ್‌ಐ ಮಾತ್ರ. ಮೇಸ್ತ್ರಿಗೆ ಹೇಳಿದೆ. ಅವರು ತಲೆಯಾಡಿಸಿ, "ಕ್ಲಚ್ ಹೇಗಿದೆ?" ಎಂದು ಕೇಳಿದರು. ಮೂರನೇ ಗೇರ್‌ನಲ್ಲಿ ಜಾರಲು ಶುರುವಾಗಿದೆ.