ಎಲ್ಲರ ಕಾಲ್ಚಳಕವೂ ಒಂದೇ ಇಲ್ಲದ ತಂಡಕ್ಕೆ ಪಾಸಿಂಗ್ ಆಟ

ಚೆಂಡನ್ನು ತಮ್ಮಲ್ಲೇ ಉಳಿಸಿಕೊಂಡು ಆಡುವ ಫುಟ್‌ಬಾಲ್ ಕಾಲ್ಚಳಕ ಇದ್ದವರಿಗೆ ಮಾತ್ರ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಂಗಳೂರಿನ ತಂಡಗಳಲ್ಲಿ ಕಡಲ ದಡದ ಕಸಬಾ ಬೆಂಗ್ರೆಯ ಮರಳಲ್ಲಿ ಚಿಕ್ಕಂದಿನಿಂದ ಆಡಿ ಬೆಳೆದವರೂ ಇರುತ್ತಾರೆ, ಹೈಸ್ಕೂಲಿಗೆ ಬಂದ ಮೇಲೆ ಬೂಟು ಕಟ್ಟಿದವರೂ ಇರುತ್ತಾರೆ. ಇಬ್ಬರಿಗೂ ಒಂದೇ ಆಟ ಕಲಿಸಬಹುದು. ಬದಲಿಸಬೇಕಾದ್ದು ಜಾಗದ ಅಳತೆ, ಟಚ್‌ಗಳ (ಚೆಂಡನ್ನು ಕಾಲಲ್ಲಿ ಮುಟ್ಟುವ ಸಲಗಳ) ಲೆಕ್ಕ ಮತ್ತು ನಿಲ್ಲಿಸುವ ಸ್ಥಾನ.

ನಾನು ಶುರು ಮಾಡುವುದು ರೊಂಡೊದಿಂದ: 10 ಮೀಟರ್ ಚೌಕ, ಅಂಚಿನಲ್ಲಿ ಪಾಸ್ ಮಾಡುವ ನಾಲ್ವರು, ನಡುವೆ ಚೆಂಡು ಕಸಿಯುವ ಇಬ್ಬರು. ಪಾಸ್ ತಲುಪದಿದ್ದರೆ ಚೌಕವನ್ನು ಚಿಕ್ಕದು ಮಾಡುವವರೇ ಹೆಚ್ಚು. ಆದರೆ ಚೌಕ ಕಿರಿದಾದಷ್ಟೂ ನಡುವಿನವನು ಬೇಗ ಮೈಮೇಲೆ ಬರುತ್ತಾನೆ. ಹೊಸಬರಿಗೆ ಅದೇ ಕಷ್ಟ. ಅವರಿಗೆ 12 ಮೀಟರ್ ಕೊಟ್ಟು, ನಡುವೆ ಒಬ್ಬನನ್ನೇ ಬಿಡುತ್ತೇನೆ. ಚೆಂಡು ಕಳೆದುಕೊಂಡವನೇ ನಡುವೆ ಹೋಗಬೇಕೆಂಬ ಪದ್ಧತಿಯನ್ನೂ ಬಿಟ್ಟಿದ್ದೇನೆ. ಹಾಗೆ ಮಾಡಿದರೆ ಪಾಸ್ ಕಲಿಯಲೇಬೇಕಾದ ಹುಡುಗನೇ ಅಭ್ಯಾಸವಿಡೀ ನಡುವೆ ಓಡುತ್ತಿರುತ್ತಾನೆ. 45 ಸೆಕೆಂಡಿಗೊಮ್ಮೆ ಸೀಟಿ ಊದಿ ಬದಲಿಸುವುದು ಒಳ್ಳೆಯದು.

ಒಂದೇ ಚೌಕದಲ್ಲಿ ಎರಡು ಮಟ್ಟದವರು ಇದ್ದಾಗ ಪಳಗಿದವನಿಗೆ ಎರಡೇ ಟಚ್, ಅಥವಾ ಅವನಿಗೆ ಪಳಗದ ಕಾಲು ಮಾತ್ರ. ಹೊಸಬನಿಗೆ ಮಿತಿ ಇಲ್ಲ. ಇದನ್ನು ಒಬ್ಬೊಬ್ಬರನ್ನೂ ಕರೆದು ಕಿವಿಯಲ್ಲಿ ಹೇಳಬೇಕು. ಎಲ್ಲರೆದುರು ಕೂಗಿ ಹೇಳಿದರೆ ಹುಡುಗರು ಆಟ ಬಿಟ್ಟು ಒಬ್ಬರನ್ನೊಬ್ಬರು ಅಳೆಯತೊಡಗುತ್ತಾರೆ.

ಚೆಂಡು ಕಾಲಿಗೆ ತಾಗಿ ದೂರ ಹಾರಿದಾಗ ಎಲ್ಲರೂ ಬೈಯುವುದು ಪಡೆದವನಿಗೆ. ನಾನು ಮೊದಲು ನೋಡುವುದು ಕೊಟ್ಟವನನ್ನು. ಪಾಸ್ ಎದುರಾಳಿಯಿಂದ ದೂರವಿರುವ ಕಾಲಿಗೆ, ನೆಲದ ಮೇಲೆ, ತಡೆಯಬಹುದಾದ ವೇಗದಲ್ಲಿ ಹೋಗಿತ್ತೇ? ಆಮೇಲೆ ಪಡೆದವನ ಮೈ: ಚೆಂಡಿಗೆ ಪೂರ್ತಿ ಮುಖ ಮಾಡಿ ನಿಂತಿದ್ದರೆ ಎಂಥ ಟಚ್ ಇದ್ದರೂ ಹಿಂದಕ್ಕೇ ಆಡಬೇಕಾಗುತ್ತದೆ. ಅರ್ಧ ಓರೆಯಾಗಿ ನಿಂತು, ಚೆಂಡು ಬರುವ ಮೊದಲೇ ಹೆಗಲ ಹಿಂದೆ ಒಮ್ಮೆ ನೋಡುವುದಕ್ಕೆ ಕಾಲ್ಚಳಕ ಬೇಕಿಲ್ಲ. ಆ ಒಂದು ಅಭ್ಯಾಸದಿಂದ ಹೊಸಬನಿಗೆ ಒಂದು ಕ್ಷಣ ಹೆಚ್ಚು ಸಿಗುತ್ತದೆ.

ಮುಂದಿನದು ನಾಲ್ವರಿಗೆ ನಾಲ್ವರು, ಜೊತೆಗೆ ಚೆಂಡಿದ್ದ ತಂಡದ ಪರ ಆಡುವ ಮೂವರು. ಜಾಗ 24ಕ್ಕೆ 16 ಮೀಟರ್. ಮೂವರಲ್ಲಿ ಇಬ್ಬರು ಎರಡು ತುದಿಗಳಲ್ಲಿ, ಒಬ್ಬ ನಡುವೆ. ತುದಿಯವನಿಗೆ ಇಡೀ ಆಟ ಕಣ್ಣೆದುರೇ ಇರುತ್ತದೆ, ಬೆನ್ನ ಹಿಂದೆ ಯಾರೂ ಬರುವುದಿಲ್ಲ. ಹೊಸಬರನ್ನು ಅಲ್ಲಿಂದಲೇ ಆರಂಭಿಸಿ. ಅಲ್ಲೇ ಉಳಿಸಬೇಡಿ, ನಡುವಿನ ಸರದಿಯೂ ಅವರಿಗೆ ಬರಲಿ. ಹತ್ತು ಪಾಸಿಗೆ ಒಂದು ಅಂಕ ಎಂಬ ಲೆಕ್ಕ ಬೇಡವೇ ಬೇಡ. ಹುಡುಗರು ಅಕ್ಕಪಕ್ಕದಲ್ಲೇ ತಟ್ಟುತ್ತ ನಿಲ್ಲುತ್ತಾರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಚೆಂಡು ದಾಟಿದರೆ ಅಂಕ ಕೊಡಿ.

ನಮ್ಮ ಕೆಂಪು ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಬೇಸಿಗೆಗೆ ಗಟ್ಟಿಯಾದಾಗ ಚೆಂಡು ಪುಟಿಯುತ್ತದೆ. ನಿಯಮದಲ್ಲಿ ಗಾಳಿಯ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್‌ವರೆಗೆ ಇರಬಹುದು. ಆ ದಿನಗಳಲ್ಲಿ 0.6ರ ಹತ್ತಿರ ಇಟ್ಟರೆ ಟಚ್ ಸುಧಾರಿಸುತ್ತದೆ. ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ: ನೀರು ನಿಂತಲ್ಲಿ ಪಾಸ್ ಅರ್ಧದಲ್ಲೇ ಸಾಯುತ್ತದೆ. ಆಟಕ್ಕೆ ಮೊದಲು ಹುಡುಗರನ್ನು ಕರೆದುಕೊಂಡು ಮೈದಾನ ಸುತ್ತಿ, ನೀರಿರುವ ಜಾಗ ತೋರಿಸಿ, ಪಾಸಿನ ದೂರವನ್ನು ಆರೇಳು ಮೀಟರಿಗೆ ಇಳಿಸಬೇಕು. ನಮ್ಮ ಗೋಲಿನ ಮುಂದೆ ಅಡ್ಡ ಪಾಸ್ ಕೂಡದು.

ಪಂದ್ಯದಲ್ಲಿ ಗೋಲ್‌ಕೀಪರ್ ನಮ್ಮ ಹೆಚ್ಚುವರಿ ಆಟಗಾರ. 2019ರ ನಿಯಮ ಬದಲಾವಣೆಯ ನಂತರ ಗೋಲ್ ಕಿಕ್‌ನ ಚೆಂಡನ್ನು ನಮ್ಮವರು ಪೆನಾಲ್ಟಿ ಪ್ರದೇಶದ ಒಳಗೇ ಪಡೆಯಬಹುದು. ಎದುರಾಳಿಗಳು ಇಬ್ಬರು ಚೆಂಡು ಕಸಿಯಲು ಒತ್ತಿ ಬಂದರೆ ಕೀಪರ್ ಮತ್ತು ಇಬ್ಬರು ಸೆಂಟರ್‌ಬ್ಯಾಕ್‌ಗಳು (ಗೋಲಿನ ಮುಂದೆ ನಡುವೆ ಆಡುವ ರಕ್ಷಕರು) ಸೇರಿ ನಾವು ಮೂವರು. ಅವರು ಮೂವರು ಬಂದರೆ ಮೊದಲೇ ಗೊತ್ತುಮಾಡಿದ ಜಾಗಕ್ಕೆ ಉದ್ದ ಹೊಡೆಯಲಿ, ಉಳಿದವರು ಚೆಂಡು ಬೀಳುವಲ್ಲಿ ಮೊದಲೇ ಸೇರಿರಲಿ. ಟಚ್ ಕಡಿಮೆ ಇರುವ ಹುಡುಗನನ್ನು ನಾನು ಬದಿಯಲ್ಲಿ, ಎದುರಾಳಿ ಅರ್ಧದಲ್ಲಿ ಆಡಿಸುತ್ತೇನೆ. ಅಲ್ಲಿ ಚೆಂಡು ಹೋದರೂ ಗೋಲು ದೂರ, ಪಕ್ಕದ ಗೆರೆ ಒಂದು ಕಡೆ ಕಾಯುತ್ತದೆ. ಕಳೆದ ಚೆಂಡಿಗಾಗಿ ಐದು ಸೆಕೆಂಡು ಬೆನ್ನಟ್ಟುವುದರಲ್ಲಿ ಇಂಥವರೇ ಎಲ್ಲರಿಗಿಂತ ಮುಂದಿರುತ್ತಾರೆ.

ಶೇಕಡಾ ಎಷ್ಟು ಹೊತ್ತು ಚೆಂಡು ನಮ್ಮಲ್ಲಿತ್ತು ಎಂದು ನಾನು ಬರೆದಿಡುವುದಿಲ್ಲ. ಎಲ್ಲಿ ಕಳೆಯಿತು, ಆಗ ಹತ್ತಿರ ಎಷ್ಟು ಮಂದಿ ನಮ್ಮವರಿದ್ದರು ಎಂಬುದನ್ನು ಗುರುತು ಹಾಕಿ, ಮುಂದಿನ ವಾರದ ಚೌಕದ ಅಳತೆಯನ್ನು ಅದರ ಮೇಲೆ ಗೊತ್ತುಮಾಡುತ್ತೇನೆ.