ಬಿಸಿನೀರು ಮುಟ್ಟದ ಕಿವಿ: ಫ್ರಾಂಜ್ ಸೆಲ್‌ನಲ್ಲಿ ನಮ್ಮ ಅನುಭವ

ಫ್ರಾಂಜ್ ಸೆಲ್ ಎಂದರೆ ನಡುವೆ ಚರ್ಮ ಬಿಗಿದ ಎರಡು ಕೋಣೆಯ ಗಾಜಿನ ಉಪಕರಣ: ಮೇಲಿನ ಕೋಣೆಯಲ್ಲಿ (ಡೋನರ್) ಹಚ್ಚಿದ್ದು ಚರ್ಮ ದಾಟಿ ಕೆಳಗಿನ ಬಫರ್ ದ್ರಾವಣಕ್ಕೆ ಎಷ್ಟು ಇಳಿಯಿತೆಂದು ಅಳೆಯಲು. ಮಂಗಳೂರಿನ ಮಾಂಸದಂಗಡಿಯ ಹಂದಿ ಕಿವಿ ನಂಬಿ ಈ ಪ್ರಯೋಗ ಮಾಡಲಾಗದು, ಚರ್ಮದ ಬದಲು ಬಳಸುವ ಕೃತಕ ಸ್ಟ್ರಾಟ್-ಎಂ ಪೊರೆ ತರಿಸಿಕೊಳ್ಳಿ ಎಂದವರೇ ಹೆಚ್ಚು. ಮೊದಲ ಮೂರು ತಿಂಗಳು ಅವರ ಮಾತೇ ಗೆದ್ದಿತು. ಶೇ. 2ರ ಕೆಫೀನ್ ಜೆಲ್ ಹಚ್ಚಿದರೆ ನಾಲ್ಕು ಗಂಟೆಯಲ್ಲಿ ಅರ್ಧದಷ್ಟು ಕೆಳಗಿಳಿಯುತ್ತಿತ್ತು. ಒಂದೇ ಕಿವಿಯ ಎರಡು ತುಂಡುಗಳ ನಡುವೆ ಐದಾರು ಪಟ್ಟು ಅಂತರ. ಬಫರ್ ಬದಲಿಸಿದೆವು, ಕ್ಲಾಂಪ್ ಬದಲಿಸಿದೆವು. ತಪ್ಪು ಇದ್ದದ್ದು ಅಂಗಡಿಯ ಹಂಡೆಯಲ್ಲಿ. ರೋಮ ಕೆರೆಯಲು ಕುದಿನೀರು ಹೊಯ್ದಾಗಲೇ ಚರ್ಮದ ಮೇಲ್ಪದರದ ತಡೆ ಕೆಟ್ಟಿರುತ್ತದೆ. ಹಂದಿ ಮಾಂಸದ ಬಫಾತ್ ಸಾರಿಗೆ ಅದರಿಂದ ಏನೂ ಆಗುವುದಿಲ್ಲ, ನಮ್ಮ ಗ್ರಾಫ್ ಮಾತ್ರ ಹಾಳು.

ಈಗ ನೀರು ಹೊಯ್ಯುವ ಮೊದಲೇ ಕಿವಿ ಕತ್ತರಿಸಿ ಕೊಡುತ್ತಾರೆ. ಜೋಡಿಗೆ ನೂರೈವತ್ತು ರೂಪಾಯಿಯ ಆಸುಪಾಸು. ಕ್ರಿಸ್‌ಮಸ್ ವಾರದಲ್ಲಿ ಕೇಳಲೂ ಹೋಗಬೇಡಿ. ಒಪ್ಪಿಸಿದ ಬಗೆ ನಮ್ಮಲ್ಲೇ ಇರಲಿ.

ತಣ್ಣೀರಲ್ಲಿ ತೊಳೆದು ಐಸ್ ಪೆಟ್ಟಿಗೆಯಲ್ಲಿ ತಂದು, ಮೂರು ನಾಲ್ಕು ಗಂಟೆಯೊಳಗೆ ಹೊರಮೈಯ ಚರ್ಮವನ್ನು ಮೃದ್ವಸ್ಥಿಯಿಂದ ಬಿಡಿಸಬೇಕು. ಕೂದಲಿಗೆ ಕತ್ತರಿಯೇ ಸೈ, ರೇಜರ್ ಗೀರುತ್ತದೆ. 60 ಡಿಗ್ರಿ ನೀರಲ್ಲಿ ಒಂದು ನಿಮಿಷ ಅದ್ದಿ ಮೇಲ್ಪದರ ಸುಲಿಯುವ ವಿಧಾನ ಕೂದಲಿರುವ ಚರ್ಮಕ್ಕೆ ಹೊಂದುವುದಿಲ್ಲ: ಬುಡ ಕಿತ್ತುಬಂದು ತೂತಾಗುತ್ತದೆ. ಚರ್ಮವನ್ನು ತೆಳುವಾಗಿ ಸೀಳುವ ಎಲೆಕ್ಟ್ರಿಕ್ ಡರ್ಮಟೋಮ್‌ಗೆ ಲಕ್ಷಗಳು ಬೇಕು. ಅದೇ ಕೆಲಸಕ್ಕೆ ಪ್ಲಾಸ್ಟಿಕ್ ಸರ್ಜನ್‌ಗಳು ಬಳಸುವ ಹಂಬಿ ನೈಫ್ ಕೆಲವೇ ಸಾವಿರಕ್ಕೆ ಸಿಗುತ್ತದೆ. ಚರ್ಮ ಅರೆಬರೆ ಹೆಪ್ಪುಗಟ್ಟಿರುವಾಗಲೇ ಸೀಳಿ. ಚರ್ಮದ ಹೀರಿಕೆ ಪರೀಕ್ಷೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಒಇಸಿಡಿ 428 ಕೇಳುವ ದಪ್ಪ 200ರಿಂದ 400 ಮೈಕ್ರಾನ್. ನಮ್ಮ ಕೈಗೆ 400 ಹತ್ತಿರ ಬರುತ್ತದೆ, ಹತ್ತರಲ್ಲಿ ನಾಲ್ಕು ತುಂಡು ಕಸದ ಬುಟ್ಟಿಗೆ. ಒಳ್ಳೆಯದನ್ನು ಫಾಯಿಲ್‌ನಲ್ಲಿ ಸುತ್ತಿ ಮೈನಸ್ 20ರಲ್ಲಿ ಇಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ.

ಚರ್ಮದ ತಡೆ ಕೆಡದೆ ಉಳಿದಿದೆಯೇ ಎಂದು ನೋಡಲು ನೀರಾವಿ ಅಳೆಯುವ ಪ್ರೋಬ್ ಬಳಸಿ ನೋಡಿದೆವು. ಜೂನ್ ತಿಂಗಳ ಕರಾವಳಿಯ ತೇವದಲ್ಲಿ ಅದರ ರೀಡಿಂಗ್ ಒಂದೆಡೆ ನಿಲ್ಲಲಿಲ್ಲ. ಎಲ್‌ಸಿಆರ್ ಮೀಟರ್‌ನಲ್ಲಿ ವಿದ್ಯುತ್ ರೋಧ ನೋಡುವುದೇ ಅಗ್ಗ, ಖಚಿತ. ಎರಡೂ ಕಡೆ ಬಫರ್ ಹಾಕಿ ಅರ್ಧ ಗಂಟೆ ಬಿಟ್ಟು ಅಳೆದರೆ ಕುದಿನೀರು ಕಂಡ ಕಿವಿ ನೂರರ ಲೆಕ್ಕದ ಓಮ್‌ಗೆ ಬೀಳುತ್ತದೆ, ಒಳ್ಳೆಯದು ಕಿಲೋಓಮ್‌ಗಳಲ್ಲಿ ನಿಲ್ಲುತ್ತದೆ. ಗೆರೆ ಎಲ್ಲಿ ಎಳೆಯಬೇಕೆಂಬುದು ನಿಮ್ಮ ಸೆಲ್‌ನ ಬಾಯಗಲ ನೋಡಿ ನೀವೇ ತೀರ್ಮಾನಿಸಬೇಕು.

ಗಾಜು ಊದುವವರಿಂದ ಮಾಡಿಸಿದ ಆರು ಸೆಲ್‌ಗೆ ಎಲ್ಲ ಸೇರಿ ಹದಿನೆಂಟು ಸಾವಿರ ಬಿದ್ದ ನೆನಪು; 9 ಮಿ.ಮೀ. ಬಾಯಿ, 5 ಮಿ.ಲೀ. ಹೊಟ್ಟೆ. ಸೆಲ್ ಬಿಸಿಯಿಡುವ ವಾಟರ್ ಬಾತ್‌ನಲ್ಲಿ 37 ಡಿಗ್ರಿ ಇಟ್ಟರೆ ಚರ್ಮದ ಮೇಲೆ ಬೇಕಾದ 32 ಬಂದೇ ಬರುತ್ತದೆಂದು ನಂಬಬೇಡಿ. ಎಸಿಯ ಗಾಳಿಗೆ ನಮ್ಮದು 30ಕ್ಕೆ ಇಳಿದಿತ್ತು. ಬಫರ್‌ನ ಗಾಳಿ ಮೊದಲೇ ತೆಗೆಯಿರಿ, ಇಲ್ಲವಾದರೆ ಬಿಸಿಯೇರಿದಂತೆ ಚರ್ಮದಡಿ ಗುಳ್ಳೆ ಕೂತು ಹೀರಿಕೆ ಕಡಿಮೆ ತೋರಿಸುತ್ತದೆ.

ಯುವಿ ಸ್ಪೆಕ್ಟ್ರೋಫೋಟೋಮೀಟರ್ ಸಾಕು ಎಂದುಕೊಂಡದ್ದು ದೊಡ್ಡ ದಡ್ಡತನ. ಜೆಲ್ ಹಚ್ಚದ ಚರ್ಮವೂ ಪ್ರೋಟೀನ್ ಬಿಡುತ್ತದೆ. 273 ನ್ಯಾನೋಮೀಟರ್‌ನಲ್ಲಿ ಅದೂ ಕೆಫೀನ್‌ನ ಲೆಕ್ಕಕ್ಕೆ ಸೇರಿತ್ತು. ಬೆರೆತದ್ದನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಬಾಡಿಗೆ ಉಳಿಸಲು ಹೋಗಿ ಎರಡು ಬ್ಯಾಚ್ ಕಳೆದುಕೊಂಡೆವು. ರೆಟಿನೈಲ್ ಪಾಲ್ಮಿಟೇಟ್‌ನಂಥ ಎಣ್ಣೆ ಸ್ವಭಾವದ್ದಕ್ಕೆ ಕೆಳಗೆ ಬರೀ ಪಿಬಿಎಸ್ (ಉಪ್ಪುನೀರಿನ ಬಫರ್) ಇಟ್ಟರೆ ಸೊನ್ನೆ ಬರುತ್ತದೆ. ದಾಟಲಿಲ್ಲ ಎಂದಲ್ಲ, ಕರಗಲು ಜಾಗವಿಲ್ಲ ಎಂದರ್ಥ. ಅದಕ್ಕೆ ಶೇ. 5ರ ಬಿಎಸ್‌ಎ (ದನದ ರಕ್ತದ ಅಲ್ಬುಮಿನ್ ಪ್ರೋಟೀನ್) ಸೇರಿಸಿ.

ನಡುವೆ ಒಂದು ಹುಚ್ಚು: ಮೊಟ್ಟೆಯ ಚಿಪ್ಪನ್ನು ದುರ್ಬಲ ಆಮ್ಲದಲ್ಲಿ ಕರಗಿಸಿ ಒಳಪೊರೆಯನ್ನು ಸೆಲ್‌ಗೆ ಕಟ್ಟಿದೆವು. ಕೆಫೀನ್ ಸರಾಗ ದಾಟಿತು. ಚರ್ಮಕ್ಕೆ ಬದಲಿಯಲ್ಲ; ಹೊಸಬರಿಗೆ ಕ್ಲಾಂಪ್ ಬಿಗಿಯುವುದು, ಗುಳ್ಳೆ ಓಡಿಸುವುದು ಕಲಿಸಲು ಭೇಷಾಗಿದೆ. ಹಾವಿನ ಪೊರೆಯನ್ನೂ ಈ ಕೆಲಸಕ್ಕೆ ಬಳಸಿದವರಿದ್ದಾರೆ. ನಾಗಬನದ ಸೀಮೆಯಲ್ಲಿ ಆ ಮಾತೆತ್ತುವ ಧೈರ್ಯ ನಮಗಿಲ್ಲ ಮಾರಾಯ್ರೆ.

ಕೊನೆಗೆ ಕಾಡಿದ್ದು ಒಟ್ಟು ಲೆಕ್ಕ. ಹಚ್ಚಿದ ಜೆಲ್ ಚದರ ಸೆಂ.ಮೀ.ಗೆ 10 ಮಿ.ಗ್ರಾಂ., ಅದರ ಕೆಫೀನ್‌ನಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಶೇ. 70 ಮಾತ್ರ. ಉಳಿದದ್ದು ಹರಡುವ ಗಾಜಿನ ಕಡ್ಡಿಗೆ ಮತ್ತು ಡೋನರ್‌ನ ಅಂಚಿಗೆ ಅಂಟಿತ್ತು. ಗಾಜಿನ ಕಡ್ಡಿಯನ್ನು ಹಚ್ಚುವ ಮೊದಲೊಮ್ಮೆ, ಆಮೇಲೊಮ್ಮೆ ತೂಗಿ, ಚರ್ಮ ಒರೆಸಿದ ಹತ್ತಿ ಕಡ್ಡಿ, ಡೋನರ್, ಚರ್ಮದ ಮೇಲ್ಪದರ ಎತ್ತಲು ಅಂಟಿಸಿ ಕಿತ್ತ ಟೇಪ್ ಪಟ್ಟಿ, ಉಳಿದ ಚರ್ಮ ಎಲ್ಲವನ್ನೂ ಬೇರೆ ಬೇರೆ ತೊಳೆದು ಅಳೆದಾಗ ಶೇ. 93 ಮುಟ್ಟಿತು. ಮೊದಲೆರಡು ಟೇಪನ್ನು ಹೀರದ ಭಾಗಕ್ಕೇ ಸೇರಿಸಿ. ಈಗ 24 ಗಂಟೆಗೆ ಕೆಫೀನ್ ದಾಟುವುದು ಹತ್ತರಲ್ಲಿ ಒಂದು ಪಾಲಿನಷ್ಟು. ಆರು ಸೆಲ್‌ಗಳ ಅಂತರ ಒಂದೂವರೆ ಪಟ್ಟಿನೊಳಗೆ.

ಮುಂದಿನ ಪ್ರಯೋಗ ಚರ್ಮಕ್ಕೆ ಹಚ್ಚುವ ಕ್ರೀಮ್‌ಗಳಲ್ಲಿರುವ ನಿಯಾಸಿನಮೈಡ್, ಅದೂ ಮಳೆ ಬಿಟ್ಟ ಮೇಲೆ. ಕರೆಂಟ್ ಹೋದರೆ ಸ್ಟಿರರ್‌ಗೆ ಯುಪಿಎಸ್ ಇದೆ, ವಾಟರ್ ಬಾತ್‌ಗೆ ಇನ್ನೂ ಥರ್ಮೋಕೋಲ್ ಪೆಟ್ಟಿಗೆಯೇ ಗತಿ.